ಅಜ್ಜಿ ಕಾಲದ ಅಸಲಿ ಬಸ್ಸಾರು ಹೇಗೆ ಅಂತ ಕೇಳುವವರಿಗೆ

ನಮ್ಮ ಮನೆಯಲ್ಲಿ ಊಟ ಮಾಡಿ ಹೋದವರು, ಬೆಂಗಳೂರಿಂದ ಫೋನ್ ಮಾಡುವ ನೆಂಟರ ಮಕ್ಕಳು, ಜೊತೆಯಲ್ಲಿ ಕೆಲಸ ಮಾಡುವವರು, ಎಲ್ಲರೂ ಕೇಳುವುದು ಒಂದೇ. "ನಿಮ್ಮಜ್ಜಿ ಮಾಡುತ್ತಿದ್ದ ಅಸಲಿ ಬಸ್ಸಾರು ಹೇಗೆ, ಅಳತೆ ಸಮೇತ ಬರೆದುಕೊಡಿ. ಅದೇ ಸಾಮಾನು ಹಾಕಿದರೂ ಆ ರುಚಿ ನಮಗೆ ಯಾಕೆ ಬರಲ್ಲ?" ಪ್ರತಿ ಸಲ ಅರ್ಧಂಬರ್ಧ ಹೇಳಿ ಫೋನ್ ಇಡುವುದಕ್ಕಿಂತ ಒಂದೇ ಸಲ ಪೂರ್ತಿ ಬರೆದುಬಿಡೋಣ ಅನ್ನಿಸಿತು.

ನೇರ ಉತ್ತರ ಮೊದಲೇ ಹೇಳುತ್ತೇನೆ. ನಮ್ಮ ಮನೆಯಲ್ಲಿ ಅಸಲಿ ಬಸ್ಸಾರು ಅಂತ ಒಂದು ಇಲ್ಲ. ಅಜ್ಜಿಯದು ಒಂದು ಥರ, ಅಮ್ಮನದು ಇನ್ನೊಂದು, ಅತ್ತಿಗೆಯದು ಮತ್ತೊಂದು. ಮೂರೂ ನಮ್ಮ ಮನೆಯದೇ. ಸಾಮಾನು ಬದಲಾಗಿದೆ, ಅಳತೆ ಬದಲಾಗಿದೆ, ಮಾಡುವ ಕ್ರಮ ಮಾತ್ರ ಬದಲಾಗಿಲ್ಲ. ನೀವು ಅಳತೆ ಕೇಳುತ್ತೀರಿ, ಕ್ರಮ ಯಾರೂ ಕೇಳಲ್ಲ.

ಕ್ರಮ ಇಷ್ಟೇ. ಕಾಳನ್ನು ಜಾಸ್ತಿ ನೀರಿನಲ್ಲಿ ಬೇಯಿಸಬೇಕು. ಕಾಳು ಬೆಂದ ಮೇಲೆ ಸೊಪ್ಪು ಹಾಕಬೇಕು. ಸೊಪ್ಪು ಮೆತ್ತಗಾದ ಕೂಡಲೇ ಉಪ್ಪು ಹಾಕಿ, ಒಂದು ಕುದಿ ಬರಿಸಿ, ನೀರು ಬಸಿಯಬೇಕು. ಆ ನೀರೇ ಕಟ್ಟು. ಕಟ್ಟಿಗೆ ಖಾರ ರುಬ್ಬಿ ಹಾಕಿ ಕುದಿಸಿದರೆ ಸಾರು, ಉಳಿದ ಕಾಳು ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಪಕ್ಕದಲ್ಲಿ ಬಿಸಿ ಮುದ್ದೆ ಇದ್ದರೆ ಇಡೀ ಮನೆಯ ಊಟ ಆಯಿತು.

ನಮ್ಮ ಊರು ಚಿಂತಾಮಣಿ ಕಡೆ. ಈಗ ಚಿಕ್ಕಬಳ್ಳಾಪುರ ಜಿಲ್ಲೆ, 2007ರ ತನಕ ಕೋಲಾರ ಜಿಲ್ಲೆ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ನಮ್ಮ ನಂದಿ ಬೆಟ್ಟದ ಸುತ್ತಲೇ ಹುಟ್ಟಿದರೂ ವರ್ಷವಿಡೀ ಹರಿಯುವ ಹೊಳೆ ಅಂತ ಎರಡು ಜಿಲ್ಲೆಯಲ್ಲೂ ಒಂದೂ ಇಲ್ಲ. ಮಳೆ ಬಂದು ಕೆರೆ ತುಂಬಿದರೆ ನೀರು, ಇಲ್ಲದಿದ್ದರೆ ಬಾವಿ. ದೂರದಿಂದ ನೀರು ಹೊತ್ತು, ಸೌದೆ ಆರಿಸಿ ತಂದು ಒಲೆ ಹಚ್ಚಿದ ಹೆಂಗಸರು ಕಾಳು ಬೆಂದ ನೀರನ್ನು ಚೆಲ್ಲುತ್ತಾರಾ? ಒಂದೇ ಉರಿಯಲ್ಲಿ, ಒಂದೇ ತಪ್ಪಲೆ ನೀರಿನಲ್ಲಿ ಎರಡು ಅಡುಗೆ ತೆಗೆಯುವ ಬುದ್ಧಿ ಅವರದು. ಬಸ್ಸಾರಿನ ಬಗ್ಗೆ ನನಗೆ ತುಂಬಾ ಗೌರವ ಇರೋದು ಇದಕ್ಕೇ.

ಅಜ್ಜಿ ಬಾಗೇಪಲ್ಲಿ ಕಡೆಯವರು. ತವರಿನ ಮಾತು ತೆಲುಗು. ಮುದ್ದೆಗೆ ಸಂಗಟಿ ಅಂತಲೇ ಅನ್ನುತ್ತಿದ್ದರು, ಸೊಸೆಯಂದಿರಿಗೆ ಬೈಯುವಾಗ ಮಾತ್ರ ಕನ್ನಡ. ಅವರ ಬಸ್ಸಾರಿಗೆ ಹುರುಳಿ ಅಥವಾ ಅಲಸಂದೆ. ಸೊಪ್ಪು ದುಡ್ಡು ಕೊಟ್ಟು ತಂದದ್ದಲ್ಲ. ಮಳೆ ಬಿದ್ದ ಮೇಲೆ ರಾಗಿ ಹೊಲದಲ್ಲಿ ತಾನಾಗಿ ಬರುವ ಅಣ್ಣೆ, ಕೀರೆ, ಗಣಿಕೆ, ಇನ್ನೂ ಏನೇನೋ ಸೇರಿದ ಬೆರಕೆ ಸೊಪ್ಪು. ಈರುಳ್ಳಿ, ಬೆಳ್ಳುಳ್ಳಿ ಕೆಂಡದಲ್ಲಿ ಸುಟ್ಟು, ಜೀರಿಗೆ, ಮೆಣಸು, ಒಣಮೆಣಸಿನಕಾಯಿ, ಹುಣಸೆಹಣ್ಣು ಸೇರಿಸಿ ಒರಳಲ್ಲಿ ರುಬ್ಬುತ್ತಿದ್ದರು. ಸಾರು ಗಟ್ಟಿಯಾಗಲಿ ಅಂತ ಬೆಂದ ಕಾಳು ಸೊಪ್ಪಲ್ಲೇ ಒಂದು ಹಿಡಿ ತೆಗೆದು ಅದರ ಜೊತೆ ರುಬ್ಬುವುದು. ತೆಂಗಿನಕಾಯಿ ಇಲ್ಲವೇ ಇಲ್ಲ. ಅವರ ತವರಿನ ಬಯಲಲ್ಲಿ ತೆಂಗಿನ ಮರ ಅಪರೂಪ, ಕಾಯಿ ಅಂದರೆ ದೇವರಿಗೆ, ಹಬ್ಬಕ್ಕೆ.

ಅಮ್ಮ ಬಂದದ್ದು ತಿಪಟೂರು ಕಡೆಯಿಂದ. ತಿಪಟೂರು ಅಂದರೆ ಕೊಬ್ಬರಿ, ನಿಮಗೇ ಗೊತ್ತು. ತವರಿಗೆ ಹೋಗಿ ಬಂದಾಗೆಲ್ಲ ಮೂಟೆಯಲ್ಲಿ ಕಾಯಿ ಬರುತ್ತಿತ್ತು. ಕಾಯಿ ಇಲ್ಲದ ಸಾರು ಅಮ್ಮನಿಗೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅತ್ತೆ ಸೊಸೆ ನಡುವೆ ಇದಕ್ಕೆ ದೊಡ್ಡ ಮಾತುಕತೆಯೇ ಆಗಿತ್ತಂತೆ. ಅಜ್ಜಿ ಹೇಳಿದ್ದು ರುಚಿಯ ಮಾತಲ್ಲ. ಕಾಯಿ ಹಾಕಿದ ಸಾರು ಬೇಗ ಹಳಸುತ್ತದೆ, ಬಸ್ಸಾರು ನಾಳೆಗೂ ಬೇಕು, ಅಂದರು. ಹೊಲದ ಕೆಲಸಕ್ಕೆ ಹೋಗುವ ಮನೆಯಲ್ಲಿ ಅದು ನಿಜವೇ. ಕೊನೆಗೆ ಪಲ್ಯಕ್ಕೆ ಕಾಯಿ ತುರಿ, ಸಾರಿಗೆ ಬೇಡ ಅಂತ ಒಪ್ಪಂದ ಆಯಿತು. ಮುಂದೆ ಮನೆಗೆ ಫ್ರಿಜ್ ಬಂದ ಮೇಲೆ ಸಾರಿಗೂ ಕಾಯಿ ಬಿತ್ತು. ಕಾಲು ನೋವು ಬಂದು ಅಡುಗೆಮನೆ ಬಾಗಿಲ ಹತ್ತಿರ ಕೂತುಬಿಟ್ಟ ದಿನಗಳಲ್ಲಿ ಅಜ್ಜಿಯೇ, ಇವತ್ತು ಸಾರಿಗೆ ಸ್ವಲ್ಪ ಕಾಯಿ ಹಾಕಮ್ಮ ಅಂತ ಕೇಳುತ್ತಿದ್ದರು. ಈಗ ಹೇಳಿ, ನಮ್ಮಜ್ಜಿಯ ಅಸಲಿ ಬಸ್ಸಾರು ಯಾವುದು? ಕಾಯಿ ಇಲ್ಲದ್ದಾ, ಇರುವುದಾ? ಎರಡನ್ನೂ ಅವರು ಚಪ್ಪರಿಸಿ ಉಂಡಿದ್ದಾರೆ.

ಆಮೇಲೆ ಟೊಮೆಟೊ. ನಮ್ಮ ಸುತ್ತಮುತ್ತ ಟೊಮೆಟೊ ಬೆಳೆ ಹೆಚ್ಚಾದ ಮೇಲೆ ಅದು ಎಲ್ಲ ಸಾರಿಗೂ ಬಂತು. ಕೋಲಾರದ ಎಪಿಎಂಸಿ ದೇಶದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು, ಚಿಂತಾಮಣಿಯದೂ ಸಣ್ಣದಲ್ಲ. ಬೆಲೆ ಬಿದ್ದ ವರ್ಷ ಬೆಳೆದವರು ರಸ್ತೆ ಪಕ್ಕ ಸುರಿದು ಹೋಗುತ್ತಾರೆ, ಆ ರಾಶಿ ನೋಡಿದರೆ ಹೊಟ್ಟೆ ಉರಿಯುತ್ತದೆ. ಅಂಥ ಸಮಯದಲ್ಲಿ ಅಕ್ಕಪಕ್ಕದವರು ಬುಟ್ಟಿಗಟ್ಟಲೆ ಸುಮ್ನೆ ಕೊಟ್ಟು ಹೋಗುತ್ತಿದ್ದರು. ಹುಣಸೆ ಕಡಿಮೆಯಾಯಿತು, ಟೊಮೆಟೊ ಜಾಸ್ತಿಯಾಯಿತು. ಅತ್ತಿಗೆ ಮಾಲೂರು ಕಡೆಯವರು, ಅವರಿಗಂತೂ ಟೊಮೆಟೊ ಹಾಕದೆ ಕೈಯೇ ಓಡಲ್ಲ. 2023ರ ಜುಲೈನಲ್ಲಿ ಬೆಲೆ ಏರಿತಲ್ಲ, ಕೋಲಾರದಲ್ಲಿ 15 ಕೆ.ಜಿ. ಬಾಕ್ಸ್ 2000 ರೂಪಾಯಿ ದಾಟಿತ್ತು, ಆಗ ನಮ್ಮ ಮನೆಯಲ್ಲಿ ಮತ್ತೆ ಬರೀ ಹುಣಸೆಹಣ್ಣಿನ ಬಸ್ಸಾರು ಶುರುವಾಯಿತು. ಊಟಕ್ಕೆ ಕೂತ ದೊಡ್ಡಪ್ಪ ಎರಡು ತುತ್ತು ನುಂಗಿ, ಇದು ನಮ್ಮಮ್ಮನ ಸಾರು ಅಂದರು. ಯಾವ ಗುಟ್ಟೂ ಇರಲಿಲ್ಲ ಅದರಲ್ಲಿ, ಹುಳಿ ಬದಲಾಗಿತ್ತು ಅಷ್ಟೇ.

ಈಗ ಪ್ರಶ್ನೆಯ ಎರಡನೇ ಭಾಗ, ಆ ರುಚಿ ಯಾಕೆ ಬರಲ್ಲ ಅನ್ನೋದು. ಅಜ್ಜಿಯ ಪ್ರೀತಿಯೇ ರುಚಿ ಅಂತ ಹೇಳಿ ಮುಗಿಸಬಹುದು, ಆದರೆ ಅದರಿಂದ ನಿಮ್ಮ ಸಾರು ಸರಿಹೋಗಲ್ಲ. ಕಾರಣಗಳು ಕೈಗೆ ಸಿಗುವಂಥವೇ.

ಕುಕ್ಕರ್ ಮೊದಲ ಕಾರಣ. ಕಾಳು, ಸೊಪ್ಪು ಎರಡನ್ನೂ ಒಟ್ಟಿಗೆ ಹಾಕಿ ಸೀಟಿ ಹೊಡೆಸಿದರೆ ಕಾಳು ಒಡೆದು ಕಟ್ಟು ರಾಡಿಯಾಗುತ್ತದೆ, ಸೊಪ್ಪು ಕಂದಿಹೋಗುತ್ತದೆ. ಅದು ಬಸ್ಸಾರಾಗಲ್ಲ, ಎಲ್ಲ ಮಸೆದು ಮಾಡುವ ಮಸ್ಸೊಪ್ಪಿನ ಹತ್ತಿರ ಹೋಗುತ್ತದೆ. ಕುಕ್ಕರ್ ಬೇಕೇ ಬೇಕು ಅಂದರೆ ಕಾಳಿಗೆ ಮಾತ್ರ ಇಡಿ, ಸೊಪ್ಪನ್ನು ಮುಚ್ಚಳ ತೆಗೆದ ಮೇಲೆ ಹಾಕಿ. ಕಾಳು ಒಡೆಯದೆ ಇಡಿಯಾಗಿಯೇ ಇರಬೇಕು, ಬೆರಳಲ್ಲಿ ಒತ್ತಿದರೆ ಮಾತ್ರ ಹಿಟ್ಟಾಗಬೇಕು.

ನೀರಿನ ಬಗ್ಗೆ ಯಾರೂ ಯೋಚಿಸಲ್ಲ. ಅಜ್ಜಿ ಬೇಯಿಸುತ್ತಿದ್ದುದು ಬಾವಿ ನೀರಿನಲ್ಲಿ. ಈಗ ನಮ್ಮ ಕಡೆ ಬೋರ್‌ವೆಲ್ ಸಾವಿರ ಅಡಿ ದಾಟಿದರೂ ನೀರು ಸಿಗೋದು ಕಷ್ಟ, ಸಿಕ್ಕರೂ ಗಡಸು ನೀರು. ಗಡಸು ನೀರಿನಲ್ಲಿ ಸುಣ್ಣದ ಅಂಶ ಜಾಸ್ತಿ, ಅದು ಕಾಳಿನ ಸಿಪ್ಪೆಯನ್ನು ಬಿಗಿ ಮಾಡುತ್ತದೆ, ಎಷ್ಟು ಹೊತ್ತು ಬೇಯಿಸಿದರೂ ಕಾಳು ಮೆತ್ತಗಾಗಲ್ಲ. ಹುಣಸೆ, ಟೊಮೆಟೊ ಮೊದಲೇ ಹಾಕಿದರೂ ಇದೇ ಗತಿ. ಹುಳಿ ಯಾವಾಗಲೂ ಬಸಿದ ಮೇಲೆ. ನಾವು ಕುಡಿಯುವ ನೀರಿನ ಘಟಕದಿಂದ ಕ್ಯಾನ್ ತುಂಬಿಸಿ ತರುತ್ತೇವಲ್ಲ, ಹುರುಳಿಗೆ ಈಗ ಅದೇ ನೀರು. ಫ್ಲಾಟಿನಲ್ಲಿ ಇರುವವರೂ ಫಿಲ್ಟರ್ ನೀರಿನಲ್ಲಿ ಒಂದು ಸಲ ಮಾಡಿ ನೋಡಿ.

ಅವರೆಕಾಳಿನ ಬಸ್ಸಾರು ಮಾಡುವವರಿಗೆ ಅವರೆಯ ಕಥೆ ಬೇರೆ. ನಾಟಿ ಅವರೆ ಹಗಲು ಚಿಕ್ಕದಾದಾಗ ಮಾತ್ರ ಹೂ ಬಿಡುತ್ತದೆ. ಅದಕ್ಕೇ ಚಳಿಗಾಲದಲ್ಲಿ ಮಾತ್ರ ಕಾಯಿ, ಇಬ್ಬನಿ ಬಿದ್ದ ಕಾಯಿಯನ್ನು ಮುಟ್ಟಿದರೆ ಕೈಗೆ ಅಂಟುವ ಎಣ್ಣೆಯಂಥ ಸೊಗಡು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ ತಳಿಗಳು ಎಲ್ಲ ಕಾಲಕ್ಕೂ ಬರುತ್ತವೆ, ರೈತರಿಗೆ ಅನುಕೂಲ, ಆದರೆ ಜೂನ್ ತಿಂಗಳಲ್ಲಿ ತಂದ ಅವರೆಕಾಳಿನಲ್ಲಿ ಸಂಕ್ರಾಂತಿಯ ಸೊಗಡು ಹುಡುಕಬಾರದು. ಆ ಚಳಿಯಲ್ಲಿ ಅಂಗಳಕ್ಕೆ ಅವರೆಕಾಯಿ ರಾಶಿ ಸುರಿದು ಎಲ್ಲರೂ ಸುತ್ತ ಕೂತು ಬಿಡಿಸುವಾಗಲೇ ನನಗೆ ನಮ್ಮ ಮನೆತನದ ಕಥೆಗಳೆಲ್ಲ ಗೊತ್ತಾಗಿದ್ದು. ಯಾರ ಮದುವೆಗೆ ಎಷ್ಟು ಪಲ್ಲ ರಾಗಿ ಖರ್ಚಾಯಿತು, ಕೋಲಾರದ ಚಿನ್ನದ ಗಣಿಗೆ ಕೆಲಸಕ್ಕೆ ಹೋದ ಚಿಕ್ಕಜ್ಜ ಯಾಕೆ ಊರಿಗೆ ವಾಪಸ್ ಬರಲಿಲ್ಲ, ಅಮ್ಮ ಈ ಮನೆಗೆ ಬಂದ ಮೊದಲ ವರ್ಷ ಯಾಕೆ ಅಷ್ಟು ಅಳುತ್ತಿದ್ದಳು, ಎಲ್ಲ. ಎದುರು ಬದುರು ಕೂತು ಕೇಳಿದರೆ ಯಾರೂ ಹೇಳಲ್ಲ, ಕೈಗೆ ಕೆಲಸ ಇದ್ದರೆ ತಾನಾಗಿ ಬಾಯಿ ಬಿಡುತ್ತಾರೆ.

ಮುದ್ದೆಯ ರಾಗಿಯಾದರೂ ಹಳೇ ತಳಿಯದಾ ಅಂತ ಕೇಳುವವರಿದ್ದಾರೆ. ಅಜ್ಜಿ ಮೆಚ್ಚಿ ಬೆಳೆಸುತ್ತಿದ್ದುದು ಇಂಡಾಫ್. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರ್ಮ್‌ನಲ್ಲಿ ರಾಗಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನು ಆಫ್ರಿಕಾದ ರಾಗಿಯ ಜೊತೆ ಕೂಡಿಸಿ ಮಾಡಿದ ತಳಿ ಅದು. ಅಜ್ಜಿಯ ಅತ್ತೆಗೆ ಅದೂ ಹೊಸದೇ ಆಗಿತ್ತು.

ನನ್ನ ಬೇಡಿಕೆ ಒಂದೇ. ಅಮ್ಮನ ಹತ್ತಿರ, ಅಜ್ಜಿ ಇದ್ದರೆ ಅಜ್ಜಿ ಹತ್ತಿರ, ಎಷ್ಟು ಚಮಚ ಅಂತ ಕೇಳಬೇಡಿ. ಅವರು ಯಾವತ್ತೂ ಅಳೆದಿಲ್ಲ, ಕೇಳಿದರೆ ಬಾಯಿಗೆ ಬಂದ ಲೆಕ್ಕ ಹೇಳುತ್ತಾರೆ. ಅವರು ಅಡುಗೆ ಮಾಡುವಾಗ ಪಕ್ಕದಲ್ಲಿ ನಿಲ್ಲಿ. ಈಗ ಯಾಕೆ ಉರಿ ಸಣ್ಣ ಮಾಡಿದಿರಿ, ಈಗ ಯಾಕೆ ಮುಚ್ಚಳ ತೆಗೆದಿರಿ ಅಂತ ಕೇಳಿ. ಅವರಿನ್ನೂ ಒಲೆ ಮುಂದೆ ನಿಲ್ಲುವ ಹಾಗಿರುವಾಗಲೇ ಹೋಗಿ, ದಯವಿಟ್ಟು.

ಖಾರ ಹಾಕುವ ಮೊದಲು ಕಟ್ಟನ್ನು ಒಂದು ಚಮಚ ಕುಡಿದು ನೋಡಿ. ಕಟ್ಟು ಸಪ್ಪೆ ಇದ್ದರೆ ಮಸಾಲೆಯಿಂದ ಅದು ಏಳಲ್ಲ, ಇನ್ನೊಂದು ಹಿಡಿ ಕಾಳು ಬೇಕಿತ್ತು ಅಂತ ಅರ್ಥ. ಮಾಡಿದ್ದೆಲ್ಲ ಅವತ್ತೇ ಮುಗಿಸಲೂ ಬೇಡಿ. ಮಾರನೇ ದಿನ ಸಣ್ಣ ಉರಿಯಲ್ಲಿ ಬತ್ತಿಸಿದ ಬಸ್ಸಾರು, ತಳದಲ್ಲಿ ಗಟ್ಟಿಯಾಗಿ ಕೂತಿದ್ದು, ಅದನ್ನು ಬಿಸಿ ಮುದ್ದೆಗೆ ಹಾಕಿಕೊಂಡು ಉಣ್ಣಬೇಕು. ಅಜ್ಜಿ, ಅಮ್ಮ, ಅತ್ತಿಗೆ, ಮೂವರೂ ಒಪ್ಪಿದ ವಿಷಯ ಇದೊಂದೇ. ಕಾಯಿ ಹಾಕಿದ್ದರೆ ಮಾತ್ರ ರಾತ್ರಿ ಹೊರಗೆ ಬಿಡಬೇಡಿ, ಫ್ರಿಜ್ಜಿನಲ್ಲಿಡಿ.