ಇಂಗಳದಾಳ್ ಕಲ್ಲು ಮತ್ತು ಸೂಪರ್‌ನೋವಾ ಲೆಕ್ಕ

ಚಿತ್ರದುರ್ಗ
14 ಡಿಸೆಂಬರ್ 2025, ಭಾನುವಾರ

ಬಿ.ಎಸ್ಸಿ. ಹುಡುಗ ಹುಡುಗಿಯರು ಸಿಕ್ಕಾಗೆಲ್ಲ ಕೇಳುವುದು ಒಂದೇ: "ಸರ್, ಸೂಪರ್‌ನೋವಾ ಮೇಲೆ ಪಿಎಚ್.ಡಿ. ಮಾಡೋದು ಅಂದ್ರೆ ದಿನಾ ಏನ್ ಕೆಲಸ ಇರುತ್ತೆ?" ಇವತ್ತಿನ ಪುಟ ಆ ಪ್ರಶ್ನೆಗೆ. ಸೂಪರ್‌ನೋವಾ ಅಂದರೆ ನಕ್ಷತ್ರ ಸಿಡಿಯುವುದು. ಟೆಲಿಸ್ಕೋಪು ಆಮೇಲೆ ಬರಲಿ, ಮೊದಲು ಕಲ್ಲು.

ಊರ ಪಕ್ಕದ ಇಂಗಳದಾಳ್‌ನಲ್ಲಿ ಹಳೆಯ ತಾಮ್ರದ ಗಣಿ ಇದೆ. ಅಲ್ಲಿನ ಮುಖ್ಯ ಅದಿರು ಚಾಲ್ಕೊಪೈರೈಟ್. ಹಿತ್ತಾಳೆಯ ಹಳದಿ, ಗಾಳಿಗೆ ಬಿದ್ದು ಹಳತಾದರೆ ಮೇಲೆ ನವಿಲು ಬಣ್ಣದ ಪೊರೆ. ಒಂದು ತಾಮ್ರದ ಪರಮಾಣುವಿಗೆ ಒಂದು ಕಬ್ಬಿಣ, ಎರಡು ಗಂಧಕ. "ಇವೆಲ್ಲ ನಕ್ಷತ್ರ ಸ್ಫೋಟದಲ್ಲಿ ಹುಟ್ಟಿದವು" ಎಂದು ವೇದಿಕೆ ಮೇಲೆ ಹೇಳಿದರೆ ಚಪ್ಪಾಳೆ ಬೀಳುತ್ತದೆ. ಆದರೆ ಅದು ಅರ್ಧ ನಿಜ. ಆ ಅರ್ಧವನ್ನು ಪೂರ್ತಿ ಮಾಡುವುದೇ ಈ ಕ್ಷೇತ್ರದವರ ಸಂಬಳದ ಕೆಲಸ: ಯಾವ ಧಾತು, ಎಲ್ಲಿ, ಎಷ್ಟು ತಯಾರಾಯಿತು ಎಂಬ ಲೆಕ್ಕ.

ಗಂಧಕ ಬಹುಪಾಲು ಭಾರೀ ನಕ್ಷತ್ರಗಳದ್ದು, ಅಂದರೆ ಸೂರ್ಯನ ಎಂಟು ಪಟ್ಟಿಗಿಂತ ಹೆಚ್ಚು ತೂಕದವುಗಳದ್ದು. ಅವುಗಳ ಒಡಲಲ್ಲಿ ಸುಮಾರು 200 ಕೋಟಿ ಡಿಗ್ರಿಯಲ್ಲಿ ಆಮ್ಲಜನಕ ಉರಿದಾಗ ಸಿಲಿಕಾನ್ ಮತ್ತು ಗಂಧಕ ಆಗುತ್ತವೆ. ತಾಮ್ರದ ಕಥೆ ಬೇರೆ. ನಕ್ಷತ್ರ ಹುಟ್ಟುವಾಗಲೇ ಜೊತೆಗೆ ಬಂದ ಹಳೆಯ ಕಬ್ಬಿಣದ ಬೀಜಗಳು ಒಳಗಿರುತ್ತವೆ. ಹೀಲಿಯಂ ಮುಗಿಯುತ್ತ ಬಂದಾಗ ನಿಯಾನ್-22 ನ್ಯೂಟ್ರಾನ್ ಬಿಡುತ್ತದೆ, ಕಬ್ಬಿಣ ಅವನ್ನು ಒಂದೊಂದಾಗಿ, ನಿಧಾನಕ್ಕೆ ಹಿಡಿದುಕೊಂಡು ತಾಮ್ರದವರೆಗೆ ಏರುತ್ತದೆ. ಹಾಗಾಗಿ ತಾಮ್ರದ ಬಹುಪಾಲು ಸ್ಫೋಟಕ್ಕೆ ಮೊದಲೇ ಸಿದ್ಧ. ಸ್ಫೋಟ ಅದನ್ನು ಹೊರಗೆ ಚೆಲ್ಲುತ್ತದೆ, ಅಷ್ಟೆ.

ಕಬ್ಬಿಣದ ದೊಡ್ಡ ಪಾಲು ಬರುವುದು ಟೈಪ್ 1ಎ ಸೂಪರ್‌ನೋವಾಗಳಿಂದ. ಇಂಗಾಲ ಮತ್ತು ಆಮ್ಲಜನಕದ ಶ್ವೇತಕುಬ್ಜವೊಂದು (ಸೂರ್ಯನಂಥ ನಕ್ಷತ್ರ ಉರಿದು ಮುಗಿದ ಮೇಲೆ ಉಳಿಯುವ ದಟ್ಟ ತಿರುಳು) ಪೂರ್ತಿ ಹೊತ್ತಿಕೊಂಡು ಛಿದ್ರವಾಗುವ ಬಗೆ ಅದು. ಒಂದು ಸ್ಫೋಟಕ್ಕೆ ಸುಮಾರು 0.6 ಸೂರ್ಯತೂಕದಷ್ಟು ನಿಕಲ್-56 ಆಗುತ್ತದೆ. ಅದರ ಅರ್ಧಾಯುಷ್ಯ, ಅಂದರೆ ಅರ್ಧ ಪಾಲು ಕ್ಷಯಿಸಲು ಹಿಡಿಯುವ ಕಾಲ, 6.1 ದಿನ; ಅದು ಕೋಬಾಲ್ಟ್-56 ಆಗುತ್ತದೆ. ಕೋಬಾಲ್ಟಿನದು 77 ದಿನ. ಅದು ಕಬ್ಬಿಣ-56 ಆಗಿ ನಿಲ್ಲುತ್ತದೆ. ನಮ್ಮ ಜಿಲ್ಲೆಯ ಕಬ್ಬಿಣದ ಅದಿರಿನ ಹೆಚ್ಚಿನ ಪರಮಾಣುಗಳು ಒಂದು ಕಾಲಕ್ಕೆ ನಿಕಲ್ ಆಗಿದ್ದವು. (ಅದು ಸಮುದ್ರದ ತಳದಲ್ಲಿ ಪಟ್ಟಿಪಟ್ಟಿಯಾಗಿ ಕೂತು ಅದಿರಾದದ್ದು ಭೂವಿಜ್ಞಾನಿಗಳ ಬಾಬತ್ತು. ಎರಡನ್ನೂ ಕಲಸಬಾರದು.)

ಇಲ್ಲಿ ಸಿಗುವ ಮ್ಯಾಂಗನೀಸ್ ನನ್ನ ಮಟ್ಟಿಗೆ ಇನ್ನೂ ಸ್ವಾರಸ್ಯದ ಧಾತು. ಕೋಬಾಲ್ಟ್-55 ಮೊದಲು ಕಬ್ಬಿಣ-55, ಆಮೇಲೆ ಮ್ಯಾಂಗನೀಸ್-55 ಆಗುತ್ತದೆ. ಆ ಕೋಬಾಲ್ಟ್ ಹೇರಳವಾಗಿ ಆಗಬೇಕಾದರೆ ಶ್ವೇತಕುಬ್ಜದ ನಡುಭಾಗ ತೀರಾ ದಟ್ಟವಾಗಿರಬೇಕು, ಅಂದರೆ ತೂಕ ಚಂದ್ರಶೇಖರ್ ಮಿತಿಯಾದ (ಶ್ವೇತಕುಬ್ಜ ತಾಳಬಲ್ಲ ಗರಿಷ್ಠ ತೂಕ) 1.4 ಸೂರ್ಯತೂಕದ ಹತ್ತಿರ ಇರಬೇಕು. ಅದಕ್ಕೇ ಹಳೆಯ ನಕ್ಷತ್ರಗಳಲ್ಲಿ ಕಬ್ಬಿಣಕ್ಕೆ ಎಷ್ಟು ಮ್ಯಾಂಗನೀಸ್ ಎಂದು ಅಳೆಯುತ್ತಾರೆ. ಸಿಡಿದ ಶ್ವೇತಕುಬ್ಜಗಳಲ್ಲಿ ಮಿತಿ ಮುಟ್ಟಿದವು ಎಷ್ಟು, ಹಗುರವಾಗಿದ್ದಾಗಲೇ ಸಿಡಿದವು ಎಷ್ಟು ಎಂಬ ಜಗಳ ಇನ್ನೂ ಮುಗಿದಿಲ್ಲ; ಅದರಲ್ಲಿ ಮ್ಯಾಂಗನೀಸ್ ಒಂದು ಮುಖ್ಯ ಸಾಕ್ಷಿ.

ಚಿನ್ನದ ಬಗ್ಗೆ ಒಂದೇ ಮಾತು. 2017ರ ಆಗಸ್ಟ್ 17ರಂದು ಗುರುತ್ವ ಅಲೆಗಳ ಮೂಲಕ ಸಿಕ್ಕ ನ್ಯೂಟ್ರಾನ್ ನಕ್ಷತ್ರಗಳ ಡಿಕ್ಕಿಯಲ್ಲಿ "ಚಿನ್ನ ಕಂಡಿತು" ಎಂದು ಪತ್ರಿಕೆಗಳು ಬರೆದವು. ಕಂಡದ್ದು ಭಾರೀ ಧಾತುಗಳ ಒಟ್ಟು ಹೊಳಪು. ರೋಹಿತದಲ್ಲಿ, ಅಂದರೆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದ ಪಟ್ಟಿಯಲ್ಲಿ, ಹೆಸರು ಹಿಡಿದು ಗುರುತಿಸಿದ್ದು 2019ರಲ್ಲಿ, ಅದೂ ಸ್ಟ್ರಾನ್ಷಿಯಂ.

ಇನ್ನು ಲೆಕ್ಕ ಹಾಕುವ ಬಗೆ. ಸ್ಫೋಟದ ಬೆಳಕಿಗೆ ಇಂಧನ ಆ ನಿಕಲ್ ಮತ್ತು ಕೋಬಾಲ್ಟಿನ ಕ್ಷಯವೇ. ಆದ್ದರಿಂದ ಹೊಳಪು ತುತ್ತತುದಿಗೆ ಮುಟ್ಟಿದ ದಿನದ ಒಟ್ಟು ಬೆಳಕು ಗೊತ್ತಾದರೆ ನಿಕಲ್ ಎಷ್ಟೆಂದು ಹೇಳಬಹುದು. ಒಂದು ಸೂರ್ಯತೂಕದಷ್ಟು ನಿಕಲ್ ಇದ್ದರೆ, ಸಿಡಿದು 18 ದಿನಕ್ಕೆ ಅದು ಕೊಡುವ ಶಕ್ತಿ ಸೆಕೆಂಡಿಗೆ ಸುಮಾರು 2.07 ಗುಣಿಸು 10ರ 43ನೇ ಘಾತ ಅರ್ಗ್ (ಅರ್ಗ್ ಶಕ್ತಿಯ ಒಂದು ಅಳತೆ). ಅಳೆದಾಗ 1.2 ಗುಣಿಸು 10ರ 43ನೇ ಘಾತ ಬಂತು ಅನ್ನಿ: ಭಾಗಿಸಿದರೆ 0.58 ಸೂರ್ಯತೂಕ. ಇಷ್ಟೇನಾ ಅನ್ನಿಸುತ್ತದೆ. ಕೈಕೊಡುವುದು ದೂರ. ಬೆಳಕು ದೂರದ ವರ್ಗಕ್ಕೆ ಹೊಂದಿಕೊಂಡಿರುವುದರಿಂದ ದೂರದಲ್ಲಿ ನೂರಕ್ಕೆ 10 ತಪ್ಪಿದರೆ ನಿಕಲ್‌ನಲ್ಲಿ 20 ತಪ್ಪುತ್ತದೆ. ನಡುವಿನ ಧೂಳು ಬೇರೆ ಬೆಳಕು ತಿನ್ನುತ್ತದೆ. ರೋಹಿತದಲ್ಲಿ 5890 ಮತ್ತು 5896 ಆಂಗ್‌ಸ್ಟ್ರಾಮ್‌ನ (ಬೆಳಕಿನ ತರಂಗದೂರದ ಅಳತೆ) ಸೋಡಿಯಂ ಜೋಡಿ ಗೆರೆ ಎಷ್ಟು ಆಳವಿದೆ ಎಂದು ನೋಡಿ ಧೂಳನ್ನು ಅಂದಾಜು ಮಾಡುತ್ತಾರೆ, ಆದರೆ ಆ ಅಂದಾಜನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಗೆರೆ ತುಂಬಿಹೋದ ಮೇಲೆ ಧೂಳು ದುಪ್ಪಟ್ಟಾದರೂ ಅದು ಹೆಚ್ಚು ಬದಲಾಗದು.

1987ರಲ್ಲಿ ಕಂಡ ಸೂಪರ್‌ನೋವಾ ಎಸ್‌ಎನ್ 1987ಎ ಈ ಕ್ಷೇತ್ರಕ್ಕೆ ವರವಾದದ್ದು ಇದೇ ಕಾರಣಕ್ಕೆ. ದೂರ ಚೆನ್ನಾಗಿ ಗೊತ್ತಿತ್ತು, ಸುಮಾರು 1.68 ಲಕ್ಷ ಜ್ಯೋತಿರ್ವರ್ಷ. ನಿಕಲ್ 0.07 ಸೂರ್ಯತೂಕ ಎಂದು ಗಟ್ಟಿಯಾಗಿ ಹೇಳಲಾಯಿತು. ಭೂಮಿಯ ತೂಕದ 23 ಸಾವಿರ ಪಟ್ಟು. ಕೋಬಾಲ್ಟ್-56 ಬಿಡುವ 847 ಕಿಲೊ ಎಲೆಕ್ಟ್ರಾನ್ ವೋಲ್ಟಿನ ಗಾಮಾ ಗೆರೆಯೇ ಉಪಗ್ರಹಕ್ಕೆ ಸಿಕ್ಕಿತು, ಅನುಮಾನಕ್ಕೆ ಜಾಗ ಉಳಿಯಲಿಲ್ಲ. ಅಂದಹಾಗೆ ಆ ಸ್ಫೋಟ ಚಿತ್ರದುರ್ಗದಿಂದ ದಕ್ಷಿಣ ದಿಗಂತದ ಮೇಲೆ ಹೆಚ್ಚೆಂದರೆ ಆರೂವರೆ ಡಿಗ್ರಿ ಏರುತ್ತಿತ್ತು. ಜೋಗಿಮಟ್ಟಿ ಬೆಟ್ಟ ಹತ್ತಿದರೂ ಧೂಳು ಮುಸುಕಿದ ಎತ್ತರ ಅದು.

ಯಾವ ಧಾತು ಅನ್ನುವುದಕ್ಕೆ ರೋಹಿತ ಬೇಕು. ಕೆಲಸದ ದಿನಗಳಲ್ಲಿ ಹೆಚ್ಚಿನವು ಕಳೆಯುವುದು ಇಲ್ಲೇ. ಲಡಾಖಿನ ಹಾನ್ಲೆಯಲ್ಲಿ 4500 ಮೀಟರ್ ಎತ್ತರದಲ್ಲಿರುವ 2 ಮೀಟರ್ ಹಿಮಾಲಯನ್ ಚಂದ್ರ ಟೆಲಿಸ್ಕೋಪನ್ನು ನಡೆಸುವುದು ಬೆಂಗಳೂರು ಪಕ್ಕದ ಹೊಸಕೋಟೆಯಿಂದ, ಉಪಗ್ರಹ ಸಂಪರ್ಕದಲ್ಲಿ. ರಾತ್ರಿ ಬರುವ ಫೈಲುಗಳು ಹಾಗೇ ಬಳಕೆಗೆ ಬರವು. ಮೊದಲು ಬಯಾಸ್ (ಬೆಳಕೇ ಬೀಳದಿದ್ದರೂ ಕ್ಯಾಮೆರಾ ತೋರಿಸುವ ಎಣಿಕೆ) ಕಳೆಯಬೇಕು, ಫ್ಲ್ಯಾಟ್‌ನಿಂದ (ಸಮನಾದ ಬೆಳಕಿನ ಚಿತ್ರ) ಭಾಗಿಸಬೇಕು, ವಿಶ್ವಕಿರಣ ಬಡಿದ ಚುಕ್ಕಿಗಳನ್ನು ತೆಗೆಯಬೇಕು. ಆಮೇಲೆ ಸೂಪರ್‌ನೋವಾದ ಪಟ್ಟಿ ಆರಿಸಿ ಅಕ್ಕಪಕ್ಕದ ಆಕಾಶವನ್ನು ಕಳೆಯಬೇಕು. ಕಬ್ಬಿಣ-ಆರ್ಗಾನ್ ದೀಪದ ಗೆರೆಗಳಿಂದ ತರಂಗದೂರ ಕೂರಿಸಿ, ಆಕಾಶದ್ದೇ 5577 ಆಂಗ್‌ಸ್ಟ್ರಾಮ್ ಹಸಿರು ಗೆರೆ ಸರಿಯಾದ ಜಾಗದಲ್ಲಿ ಬಂತಾ ಎಂದು ತಾಳೆ ನೋಡಬೇಕು. ಬರದಿದ್ದರೆ ಅಷ್ಟು ಸರಿಸಬೇಕು. ಕೊನೆಗೆ ಫೀಗೆ 34ರಂಥ ಗೊತ್ತಿರುವ ನಕ್ಷತ್ರವನ್ನಿಟ್ಟು ಬೆಳಕಿನ ಪ್ರಮಾಣ.

ಎಡವಟ್ಟುಗಳಿಗೆ ಕಾಯಂ ಜಾಗಗಳಿವೆ. ವಸ್ತು ದಿಗಂತದ ಕಡೆ ವಾಲಿದ್ದಾಗ ವಾತಾವರಣ ನೀಲಿಯನ್ನೂ ಕೆಂಪನ್ನೂ ಬೇರೆಬೇರೆ ಜಾಗಕ್ಕೆ ಎಳೆಯುತ್ತದೆ. ಬೆಳಕು ಒಳಬರುವ ಸೀಳುಗಂಡಿಯನ್ನು ಆ ದಿಕ್ಕಿಗೆ ತಿರುಗಿಸಿಡದಿದ್ದರೆ ನೀಲಿ ಬೆಳಕು ಹೊರಗೇ ಉಳಿಯುತ್ತದೆ. ರೋಹಿತ ಕೆಂಪಾಗಿ, ಸೂಪರ್‌ನೋವಾ ಇದ್ದದ್ದಕ್ಕಿಂತ ತಣ್ಣಗೆ ಕಾಣುತ್ತದೆ. ಇದನ್ನು ಆಮೇಲೆ ಸರಿಮಾಡಲು ಬಹುತೇಕ ಆಗುವುದಿಲ್ಲ. ಇನ್ನೊಂದು 7600 ಆಂಗ್‌ಸ್ಟ್ರಾಮ್ ಸುತ್ತ ನಮ್ಮ ಗಾಳಿಯ ಆಮ್ಲಜನಕ ಕೊರೆಯುವ ತಗ್ಗು. ಸೂಪರ್‌ನೋವಾದ ಆಮ್ಲಜನಕದ ಗೆರೆ 7774ರದ್ದು. ಸೆಕೆಂಡಿಗೆ 6700 ಕಿಲೋಮೀಟರ್ ವೇಗದಲ್ಲಿ ನಮ್ಮತ್ತ ಬರುತ್ತಿದ್ದರೆ ಅದು ಸರಿಯಾಗಿ ಈ ತಗ್ಗಿನ ಮೇಲೇ ಬೀಳುತ್ತದೆ. ನೆಲದ ಆಮ್ಲಜನಕವನ್ನು ನಕ್ಷತ್ರದ್ದೆಂದು ಬರೆದುಕೊಳ್ಳುವ ಅಪಾಯ. ಅದೇ ಎತ್ತರದಲ್ಲಿರುವ ಬಿಸಿ ನಕ್ಷತ್ರವೊಂದರ ರೋಹಿತ ತೆಗೆದು ಭಾಗಿಸುವುದೇ ಮದ್ದು. ಗ್ಯಾಲಕ್ಸಿಯ ಬೆಳಕು ಬೆರೆತಾಗ ರೋಹಿತ ನೋಡಿ ಸೂಪರ್‌ನೋವಾದ ಬಗೆ ಹೇಳುವ ಸ್ನಿಡ್‌ನಂಥ ಪ್ರೋಗ್ರಾಂ ಪೂರ್ತಿ ವಿಶ್ವಾಸದಿಂದ ತಪ್ಪು ಬಗೆ ಹೇಳುವುದೂ ಉಂಟು. ಕಂಪ್ಯೂಟರ್ ಹೇಳಿತು ಅಂತ ಟ್ರಾನ್ಸಿಯೆಂಟ್ ನೇಮ್ ಸರ್ವರಿಗೆ (ಹೊಸ ಸೂಪರ್‌ನೋವಾಗಳನ್ನು ದಾಖಲಿಸುವ ಜಾಲತಾಣ) ಕಳಿಸಬೇಡಿ, ಕಣ್ಣಿಟ್ಟು ನೋಡಿ.

ದಾರಿಯ ವಿಷಯ. ದಾವಣಗೆರೆಯಲ್ಲೋ ಇಲ್ಲೋ ಭೌತಶಾಸ್ತ್ರ, ಗಣಿತ ಇರುವ ಬಿ.ಎಸ್ಸಿ. ಸಾಕು, ಖಗೋಳ ಅಂತ ಬೇರೆ ಡಿಗ್ರಿ ಬೇಡ. ಪರೀಕ್ಷೆಗಳೆಂದರೆ ಎಂ.ಎಸ್ಸಿ.ಗೆ ಜ್ಯಾಮ್, ಪಿಎಚ್.ಡಿ.ಗೆ ಜೆಸ್ಟ್, ನೆಟ್ ಅಥವಾ ಗೇಟ್, ಮೇಲೆ ಸಂದರ್ಶನ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ, ರಾಮನ್ ಸಂಶೋಧನಾ ಸಂಸ್ಥೆ, ಐಐಎಸ್‌ಸಿಯ ಜಂಟಿ ಖಗೋಳ ಕಾರ್ಯಕ್ರಮ, ಪುಣೆಯ ಅಯುಕಾ ಹತ್ತಿರದ ಬಾಗಿಲುಗಳು. ಸಂದರ್ಶನದಲ್ಲಿ ಕಪ್ಪುಕುಳಿ ಬಗ್ಗೆ ಕೇಳುವುದು ಕಡಿಮೆ. ಕ್ವಾಂಟಂ, ಉಷ್ಣಗತಿ, ಅಂಕಿಅಂಶದ ದೋಷ ಲೆಕ್ಕ ಕೇಳುತ್ತಾರೆ. 2023ರಿಂದ ಜೆಆರ್‌ಎಫ್, ಅಂದರೆ ಸಂಶೋಧನಾ ವಿದ್ಯಾರ್ಥಿಗೆ ಕೊಡುವ ವೇತನ, ತಿಂಗಳಿಗೆ 37,000, ಎರಡು ವರ್ಷದ ಮೇಲೆ 42,000 ರೂಪಾಯಿ. ಪಿಎಚ್.ಡಿ. ಐದಾರು ವರ್ಷ, ಆಮೇಲೆ ಎರಡು ಮೂರು ವರ್ಷದ ಪೋಸ್ಟ್‌ಡಾಕ್ (ತಾತ್ಕಾಲಿಕ ಸಂಶೋಧನಾ ಕೆಲಸ) ಒಂದೋ ಎರಡೋ, ಹೆಚ್ಚಾಗಿ ಹೊರದೇಶದಲ್ಲಿ. ಕಾಯಂ ಹುದ್ದೆಗಳು ಬೆರಳೆಣಿಕೆ. ಮನೆಯಲ್ಲಿ ಅಪ್ಪ ಅಮ್ಮನಿಗೆ ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಪೈಥಾನ್, ಅಂಕಿಅಂಶ ಕಲಿತ ಕೈ ಎಲ್ಲಿಯೂ ಖಾಲಿ ಕೂರುವುದಿಲ್ಲ ಅನ್ನುವುದನ್ನೂ ಹೇಳಿ.

ಕಾಯಬೇಕಿಲ್ಲದೆ ಮಾಡಬಹುದಾದದ್ದು ಒಂದಿದೆ. 2011ರ ಆಗಸ್ಟ್ 24ರಂದು ಎಂ101 ಗ್ಯಾಲಕ್ಸಿಯಲ್ಲಿ ಸಿಕ್ಕ ಟೈಪ್ 1ಎ ಸೂಪರ್‌ನೋವಾ ಎಸ್‌ಎನ್ 2011ಎಫ್‌ಇಯ ರೋಹಿತಗಳು ಅಂತರ್ಜಾಲದ ವೈಸ್‌ರೆಪ್ ಭಂಡಾರದಲ್ಲಿ ಬಿಟ್ಟಿ ಸಿಗುತ್ತವೆ. ಹೊಳಪು ತುದಿಗೇರಿದ ಸೆಪ್ಟೆಂಬರ್ 10ರ ಆಸುಪಾಸಿನದೊಂದನ್ನು ಇಳಿಸಿಕೊಳ್ಳಿ, ತರಂಗದೂರದ ಎದುರು ಬೆಳಕಿನ ನಕ್ಷೆ ಹಾಕಿ. 6100ರಿಂದ 6150ರ ನಡುವೆ ಒಂದು ಆಳದ ತಗ್ಗು ಕಾಣಬೇಕು. ಅದು ಸಿಲಿಕಾನ್, ನಿಂತಲ್ಲೇ ಇದ್ದಿದ್ದರೆ 6355ರಲ್ಲಿ ಇರುತ್ತಿತ್ತು. ವ್ಯತ್ಯಾಸವನ್ನು 6355ರಿಂದ ಭಾಗಿಸಿ ಬೆಳಕಿನ ವೇಗದಿಂದ ಗುಣಿಸಿ. ಸೆಕೆಂಡಿಗೆ 10 ಸಾವಿರ ಕಿಲೋಮೀಟರಿನ ಆಸುಪಾಸು ಬಂದರೆ ಸರಿ. ಅದರಿಂದ ದೂರ ಬಂದರೆ ಮೊದಲು ತಾರೀಖು ನೋಡಿ: ಸಿಡಿದ ಮೊದಲ ದಿನಗಳದ್ದಾದರೆ ವೇಗ ಹೆಚ್ಚಿರುತ್ತದೆ. ಆಮೇಲೆ ತಗ್ಗಿನ ತಳ ಗುರುತಿಸಿದ ಬಗೆ ನೋಡಿ. ಹಿನ್ನೆಲೆಯ ಬೆಳಕು ಇಳಿಜಾರಾಗಿರುವಲ್ಲಿ ಅದನ್ನು ಭಾಗಿಸಿ ಸಮ ಮಾಡದಿದ್ದರೆ ತಳ ಕೆಂಪಿನ ಕಡೆ ಜರುಗಿ, ವೇಗ ನೂರಾರು ಕಿಲೋಮೀಟರ್ ಕಡಿಮೆ ಬರುತ್ತದೆ.