ಹಂಪ್ ಕೇಳುವ ಮುಂಚೆ ಅಳತೆ ಟೇಪು ಹಿಡಿಯಿರಿ

ಹೆದ್ದಾರಿ ಪಕ್ಕದ ಊರಲ್ಲಿ ಒಂದು ಅಪಘಾತ ಆಯಿತೆಂದರೆ ಮುಂದಿನದು ಎಲ್ಲರಿಗೂ ಬಾಯಿಪಾಠ. ರಸ್ತೆ ತಡೆ, ಪೊಲೀಸರು, ತಹಶೀಲ್ದಾರರು, ಅವರ ಕೈಗೊಂದು ಅರ್ಜಿ. ಅರ್ಜಿಯಲ್ಲಿ ಇರುವುದು ಒಂದೇ ಸಾಲು: "ನಮ್ಮೂರ ಕ್ರಾಸಿಗೆ ಹಂಪ್ ಹಾಕಸ್ರಿ." ಹುಮನಾಬಾದ್ ಕಡೆ ಹೋಗಿ, ಜೇವರ್ಗಿ ಕಡೆ ಹೋಗಿ, ಶಹಾಪುರ ಕಡೆ ಹೋಗಿ, ಈ ಸಾಲು ಬದಲಾಗುವುದಿಲ್ಲ. ಎಷ್ಟೋ ಕ್ರಾಸುಗಳಲ್ಲಿ ಹಂಪ್‌ನಿಂದ ಪರಿಹಾರ ಸಿಗುವುದೇ ಇಲ್ಲ, ಕೆಲವು ಕಡೆ ಅದೇ ಹೊಸ ತೊಂದರೆ. ರಾಷ್ಟ್ರೀಯ ಹೆದ್ದಾರಿಯ ಮೇಲಂತೂ ಹಂಪ್ ಹಾಕುವಂತಿಲ್ಲ ಎಂಬ ಸೂಚನೆಯೇ ಇದೆ. ಹಾಗಾಗಿ ಅಧಿಕಾರಿಗೆ ಅರ್ಜಿಯನ್ನು ಬದಿಗಿಡಲು ಕಾರಣ ಹುಡುಕುವ ಕಷ್ಟವೂ ಇಲ್ಲ.

ಮೊದಲು ಆ ರಸ್ತೆ ಯಾರದು ಅಂತ ನೋಡಿ. ಕಿಲೋಮೀಟರ್ ಕಲ್ಲಿನ ತಲೆಯ ಬಣ್ಣ ಹೇಳುತ್ತದೆ: ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಇದ್ದರೆ ರಾಜ್ಯ ಹೆದ್ದಾರಿ, ಕಪ್ಪು ಅಥವಾ ನೀಲಿ ಇದ್ದರೆ ಜಿಲ್ಲಾ ರಸ್ತೆ, ಕಿತ್ತಳೆ ಇದ್ದರೆ ಗ್ರಾಮೀಣ ರಸ್ತೆ. ಬೀದರ್‌ನಿಂದ ಹುಮನಾಬಾದ್, ಕಲಬುರಗಿ, ಜೇವರ್ಗಿ ದಾಟಿ ವಿಜಯಪುರಕ್ಕೆ ಹೋಗುವ 50, ಸೋಲಾಪುರ–ಹೈದರಾಬಾದ್ ನಡುವಿನ 65, ಜೇವರ್ಗಿಯಿಂದ ಶಹಾಪುರ, ಸುರಪುರದ ಮೇಲೆ ಹೋಗುವ 150ಎ, ಇವೆಲ್ಲ ರಾಷ್ಟ್ರೀಯ ಹೆದ್ದಾರಿಗಳು. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯರಸ್ತೆ ಲೋಕೋಪಯೋಗಿ ಇಲಾಖೆಗೆ ಸೇರಿದವು. ಹಳ್ಳಿ ರಸ್ತೆಗೆ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗ. ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಯಾದರೆ ಊರ ಬಾಯಿಯಲ್ಲೇ ಫಲಕ ಇರುತ್ತದೆ. ಗುತ್ತಿಗೆದಾರ ಯಾರು, ಕೆಲಸ ಯಾವಾಗ ಮುಗಿಯಿತು ಎಲ್ಲ ಅದರಲ್ಲಿದೆ. ಮುಗಿದ ದಿನದಿಂದ 5 ವರ್ಷ ದುರಸ್ತಿಯ ಹೊಣೆ ಅದೇ ಗುತ್ತಿಗೆದಾರನದು. ಅಂಥ ರಸ್ತೆಯ ಗುಂಡಿಗೆ ಶಾಸಕರ ಮನೆ ಬಾಗಿಲು ತಟ್ಟುವುದು ದಂಡದ ಕೆಲಸ. ಫಲಕದ ಫೋಟೋ ಹಿಡಿದು ಎಂಜಿನಿಯರರ ಕಚೇರಿಗೆ ಹೋಗಿ.

ಇನ್ನು ಅಳತೆ. ಕ್ರಾಸಿನ ಹತ್ತಿರ ಹೆದ್ದಾರಿ ಅಂಚಿನಲ್ಲಿ 100 ಮೀಟರ್ ಅಳೆದು ಎರಡು ಕಡೆ ಸುಣ್ಣದ ಗೆರೆ ಹಾಕಿ. ಗಾಡಿ ಮೊದಲ ಗೆರೆ ದಾಟಿದಾಗ ಮೊಬೈಲಿನ ಸ್ಟಾಪ್‌ವಾಚ್ ಒತ್ತಿ, ಎರಡನೆಯದು ದಾಟಿದಾಗ ನಿಲ್ಲಿಸಿ. 360 ಅನ್ನು ಬಂದ ಸೆಕೆಂಡಿನಿಂದ ಭಾಗಿಸಿದರೆ ತಾಸಿಗೆ ಎಷ್ಟು ಕಿಲೋಮೀಟರ್ ಅಂತ ಬರುತ್ತದೆ. 6 ಸೆಕೆಂಡ್ ಆದರೆ 60, 4.5 ಸೆಕೆಂಡ್ ಆದರೆ 80. ಬೆಳಿಗ್ಗೆ ಶಾಲೆ ಹೊತ್ತಿಗೆ ಒಂದು ಸಲ, ಸಂಜೆ ಒಂದು ಸಲ, ಐವತ್ತೈವತ್ತು ಗಾಡಿ ಬರೆದುಕೊಳ್ಳಿ. ನೋಟ್‌ಬುಕ್ಕಿನ ಆ ಎರಡು ಪುಟಕ್ಕಿರುವ ತೂಕ ನೂರು ಸಹಿಯ ಅರ್ಜಿಗಿಲ್ಲ.

ಆಮೇಲೆ ನೋಟದ ಪರೀಕ್ಷೆ. ಹಳ್ಳಿ ರಸ್ತೆಯಲ್ಲಿ, ಹೆದ್ದಾರಿಯ ಡಾಂಬರಿನ ಅಂಚಿನಿಂದ 15 ಮೀಟರ್ ಹಿಂದೆ ಒಬ್ಬರು ಬೈಕಿನ ಮೇಲೆ ಕೂರಲಿ. ಇನ್ನೊಬ್ಬರು ಹೆದ್ದಾರಿಯಂಚಿನಲ್ಲಿ ನಡೆಯುತ್ತ ಹೋಗಲಿ. ಕೂತವರ ಕಣ್ಣಿಗೆ ಕಾಣದಂತಾದ ಜಾಗಕ್ಕೆ ಗುರುತು ಹಾಕಿ ಕ್ರಾಸಿನಿಂದ ಎಷ್ಟು ದೂರ ಅಂತ ಅಳೆಯಿರಿ. ಹೆದ್ದಾರಿಯ ಗಾಡಿಗಳು 80ರಲ್ಲಿ ಬರುವುದಾದರೆ 180 ಮೀಟರ್ ಕಾಣಬೇಕು, 65 ಆದರೆ 145, 50 ಆದರೆ 110. ಇದು ರಸ್ತೆಗಳ ಅಳತೆ-ಮಾನದಂಡ ಗೊತ್ತುಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಸಂಸ್ಥೆಯ ಲೆಕ್ಕ, ಎಂಜಿನಿಯರು ಇದನ್ನು ಅಲ್ಲಗಳೆಯುವಂತಿಲ್ಲ. ನಮ್ಮ ಕಡೆಯ ಎಷ್ಟೋ ಕ್ರಾಸುಗಳಲ್ಲಿ ಅದರ ಅರ್ಧವೂ ಕಾಣುವುದಿಲ್ಲ.

ಕಾಣದಿರುವುದಕ್ಕೆ ಕಾರಣ ರಸ್ತೆಯ ತಿರುವೇ ಆಗಬೇಕಿಲ್ಲ. ಮೊದಲನೆಯದು ಜಾಲಿ ಕಂಟಿ. ಇದನ್ನು ಮೇಲಿಂದ ಕಡಿದರೆ ಮುಂದಿನ ಮಳೆಗೆ ಒಂದು ಬುಡಕ್ಕೆ ಹತ್ತು ಚಿಗುರು ಬರುತ್ತವೆ, ಮೊದಲಿಗಿಂತ ದಟ್ಟ. ಬುಡದ ಸುತ್ತ ಒಂದಡಿ ಆಳ ಅಗೆದು ಗಡ್ಡೆ ಸಮೇತ ತೆಗೆಯಬೇಕು. ಮುಂಗಾರಿಗೆ ಮುಂಚೆ ಒಂದು ಸಲ ತೆಗೆಸಿ, ಉಳಿದದ್ದನ್ನು ದಸರಾ ಹೊತ್ತಿಗೆ ಮತ್ತೆ ನೋಡಬೇಕು. ಎರಡನೆಯದು ಹೊಲ. ತೊಗರಿ ಆಷಾಢದಲ್ಲಿ ಮೊಣಕಾಲೆತ್ತರವೂ ಇರುವುದಿಲ್ಲ, ದೀಪಾವಳಿಗೆ ಆಳೆತ್ತರ. ಹಾಗಾಗಿ ಮಳೆಗಾಲದಲ್ಲಿ ಸುರಕ್ಷಿತ ಅನಿಸಿದ ತಿರುವು ಹೂವಾಡುವ ಕಾಲಕ್ಕೆ ಗೋಡೆಯಾಗಿ ನಿಲ್ಲುತ್ತದೆ. ಕಬ್ಬಿದ್ದರೆ ಕೇಳುವುದೇ ಬೇಡ. ಕ್ರಾಸಿನ ಮೂಲೆಯಲ್ಲಿ ಹೊಲ ಇರುವ ರೈತರ ಜೊತೆ ಬಿತ್ತನೆಗೆ ಮುಂಚೆಯೇ ಕೂತು ಮಾತಾಡಿ. ಆ ನಾಲ್ಕು ಸಾಲಿನಷ್ಟು ಮೂಲೆಗೆ ಹೆಸರು ಇಲ್ಲವೇ ಉದ್ದು, ಹಿಂಗಾರಿಗೆ ಕಡಲೆ ಹಾಕಿದರೆ ಬೆಳೆಯೂ ಬರುತ್ತದೆ, ರಸ್ತೆಯೂ ಕಾಣುತ್ತದೆ. ಮೂರನೆಯದು ಹುಟ್ಟುಹಬ್ಬದ ಫ್ಲೆಕ್ಸು. ಕ್ರಾಸಿನಲ್ಲಿ ನೆಲದಿಂದ ಎರಡಡಿ ಮೇಲೆ ಶುರುವಾಗಿ ಎಂಟಡಿವರೆಗೆ ಹೋಗುವ ಫ್ಲೆಕ್ಸು ಸರಿಯಾಗಿ ಬೈಕ್ ಸವಾರನ ಕಣ್ಣಿನೆತ್ತರಕ್ಕೇ ಇರುತ್ತದೆ. ಅದನ್ನು ತೆಗೆಸುವುದೇ ಎಲ್ಲಕ್ಕಿಂತ ಕಷ್ಟದ ಕೆಲಸ, ಕಾರಣ ಎಲ್ಲರಿಗೂ ಗೊತ್ತು.

ಈಗ ಹಂಪ್‌ಗೆ ಬರೋಣ. ಹಂಪ್ ಬೇಕಾಗಿರುವುದು ಹೆದ್ದಾರಿಗಲ್ಲ, ಹೆದ್ದಾರಿಗೆ ಬಂದು ಸೇರುವ ನಮ್ಮೂರ ರಸ್ತೆಗೆ. ಒಳಗಿಂದ ಬರುವ ಬೈಕು, ಟಂಟಂ, ಟ್ರ್ಯಾಕ್ಟರು ಅಲ್ಲಿ ನಿಧಾನಿಸಿ ಎರಡೂ ಕಡೆ ನೋಡಬೇಕು. ಹೆದ್ದಾರಿಯ ಮೇಲೆ ಕೇಳಬೇಕಾದದ್ದು ಅಡ್ಡಪಟ್ಟಿ, ಅಂದರೆ ಟಯರು ಹರಿದಾಗ ಗಡಗಡ ಅನ್ನುವ ಬಿಳಿ ಗೆರೆಗಳು. ಅದರ ಜೊತೆಗೆ ವೇಗಮಿತಿ ಫಲಕ, ಕ್ರಾಸ್ ಸೂಚನಾ ಫಲಕ, ಮಿಣುಕು ದೀಪ. ಸೋಲಾರ್ ಮಿಣುಕು ದೀಪ ಹಾಕಿಸುವುದು ಸುಲಭ, ಉಳಿಸಿಕೊಳ್ಳುವುದು ಕಷ್ಟ. ಸಿಮೆಂಟ್ ಲಾರಿ ಓಡಾಡುವ ಸೇಡಂ, ಚಿತ್ತಾಪುರ, ವಾಡಿ ಕಡೆ ಪ್ಯಾನೆಲ್ ಮೇಲೆ ಧೂಳು ಕೂತು ಬ್ಯಾಟರಿ ತುಂಬುವುದೇ ಇಲ್ಲ. ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸುವ ಕೆಲಸ ಯಾರದು ಅಂತ ಹಾಕಿಸುವ ದಿನವೇ ಗೊತ್ತು ಮಾಡಿಕೊಳ್ಳಿ.

ಹಂಪ್‌ಗೂ ಅಳತೆ ಇದೆ. ಗಾಡಿ ಹೋಗುವ ದಿಕ್ಕಿನಲ್ಲಿ 3.7 ಮೀಟರ್ ಉದ್ದ, ನಡುವೆ 10 ಸೆಂಟಿಮೀಟರ್ ಎತ್ತರ, ಬಿಲ್ಲಿನ ಹಾಗೆ ಬಾಗಿದ್ದು. ತಾಸಿಗೆ 25 ಕಿಲೋಮೀಟರಿನಲ್ಲಿ ದಾಟಿದರೆ ಸೊಂಟಕ್ಕೆ ಏನೂ ಆಗದು, 50ರಲ್ಲಿ ದಾಟಿದರೆ ತಲೆ ಮೇಲಕ್ಕೆ ಬಡಿಯುತ್ತದೆ. 40 ಮೀಟರ್ ಮೊದಲೇ ಫಲಕ, ಮೇಲೆ ಕಪ್ಪು-ಬಿಳಿ ಪಟ್ಟೆ ಇರಬೇಕು. ನಮ್ಮೂರುಗಳಲ್ಲಿ ಇರುವುದು ಏನು? ಉಳಿದ ಡಾಂಬರನ್ನೋ ಸಿಮೆಂಟನ್ನೋ ರಾತ್ರೋರಾತ್ರಿ ಸುರಿದು ಮಾಡಿದ ಒಂದಡಿ ಅಗಲದ, ಅರ್ಧ ಅಡಿ ಎತ್ತರದ ದಿಬ್ಬ. ಬಣ್ಣ ಇಲ್ಲ, ಫಲಕ ಇಲ್ಲ. ಕತ್ತಲಲ್ಲಿ ಬೈಕಿನವನು ಅದನ್ನು ಕಾಣುವುದು ಅದರ ಮೇಲೇರಿದ ಮೇಲೆಯೇ. ಹಿಂದೆ ಕೂತ ಹೆಣ್ಣುಮಗಳು ಎಗರಿ ಬೀಳುವುದು ಇಂಥ ದಿಬ್ಬದಲ್ಲಿ. ಎರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರ್ ದಾಟುವಾಗಲಂತೂ ಕೊಕ್ಕೆಯ ಪಿನ್ ಜಿಗಿದು ಹೊರಬರುವ ಸಾಧ್ಯತೆ ಇದೆ. ಸೀಳುಪಿನ್ ಬದಲು ಮೊಳೆ ಬಗ್ಗಿಸಿ ಹಾಕಿದ್ದರೆ ಕಥೆ ಮುಗಿದ ಹಾಗೆ. ಇರುವ ದಿಬ್ಬವನ್ನು ಸರಿಪಡಿಸಿ ಅಂತ ಕೇಳುವುದು ಹೊಸ ಹಂಪ್ ಕೇಳುವುದಕ್ಕಿಂತ ದೊಡ್ಡ ಕೆಲಸ.

ಹಳ್ಳಿ ರಸ್ತೆಯ ಇನ್ನೊಂದು ರೋಗ ಅಂಚು. ಒಂಟಿ ಪಥದ ರಸ್ತೆಗೆ ಡಾಂಬರಿನ ಅಗಲ 3.75 ಮೀಟರ್. ಬಸ್ಸಿನ ಅಗಲ ಎರಡೂವರೆ ಮೀಟರಿನ ಮೇಲೆ. ಎದುರಿಂದ ಬಸ್ ಬಂದರೆ ಬೈಕಿಗೆ ಉಳಿಯುವುದು ಒಂದು ಮೀಟರ್ ಚಿಲ್ಲರೆ, ಹಾಗಾಗಿ ಅದು ಕೆಳಗಿಳಿಯಲೇಬೇಕು. ಇಳಿಯುವ ಕಡೆ ಏನಿದೆ? ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರುಕು ಬಿಟ್ಟು ಕುಸಿಯುತ್ತದೆ. ಅದು ಸಾಲದೆಂಬಂತೆ ಪ್ರತಿ ಸಲ ಮರುಡಾಂಬರು ಹಾಕಿದಾಗಲೂ ರಸ್ತೆ ಇಷ್ಟಿಷ್ಟೇ ಏರುತ್ತ ಹೋಗುತ್ತದೆ, ಪಕ್ಕದ ಮಣ್ಣು ಇದ್ದಲ್ಲೇ ಇರುತ್ತದೆ. ಕೆಲವು ಕಡೆ ಗೇಣುದ್ದ ಜಿಗಿತ. ಬಿದ್ದವರಲ್ಲಿ ಹೆಚ್ಚಿನವರು ಬೀಳುವುದು ಇಳಿಯುವಾಗ ಅಲ್ಲ, ಮತ್ತೆ ಹತ್ತುವಾಗ: ಮುಂದಿನ ಟಯರು ಅಂಚಿಗೆ ಉಜ್ಜಿಕೊಂಡು ಹ್ಯಾಂಡಲ್ ತಿರುಗಿಬಿಡುತ್ತದೆ. ಇಳಿದಾಗಿದ್ದರೆ ಬ್ರೇಕ್ ಹಿಡಿದು ಗಾಡಿಯನ್ನು ಪೂರ್ತಿ ನಿಧಾನ ಮಾಡಿ, ಅಂಚು ತಗ್ಗಿರುವ ಕಡೆ ನೋಡಿ ಹತ್ತಬೇಕು. ಅರ್ಜಿಯಲ್ಲಿ "ರಸ್ತೆ ಹಾಳಾಗಿದೆ" ಅಂತ ಬರೆಯಬೇಡಿ. "ಎಡಬದಿಯಲ್ಲಿ 400 ಮೀಟರ್ ಉದ್ದಕ್ಕೆ ಅಂಚು 12 ಸೆಂಟಿಮೀಟರ್ ಇಳಿದಿದೆ, ಗರಸು ತುಂಬಿ ನೀರು ಹಾಕಿ ರೋಲರ್ ಓಡಿಸಿ" ಅಂತ ಬರೆಯಿರಿ. ರೋಲರ್ ಇಲ್ಲದೆ ಬರೀ ಗರಸು ಸುರಿದು ಹೋದರೆ ಮೊದಲ ದೊಡ್ಡ ಮಳೆಗೇ ಅದು ಹಳ್ಳ ಸೇರುತ್ತದೆ. ಕಟ್ಟೆಗೋಡೆ ಇಲ್ಲದ ಹಳ್ಳದ ಸೇತುವೆಗಳಿಗೆ ಬಿಳಿ ಬಣ್ಣದ ಗುರುತುಗಲ್ಲನ್ನಾದರೂ ಅದೇ ಅರ್ಜಿಯಲ್ಲಿ ಕೇಳಿ.

ರಾಶಿ ಕಾಲದಲ್ಲಿ ರಸ್ತೆ ಮೇಲೆ ಜೋಳ, ತೊಗರಿ ಹರವುವುದನ್ನು ಒಂದೇ ದಿನಕ್ಕೆ ಬಿಡಿಸಲಾಗದು. ಆದರೆ ತಿರುವಿನಲ್ಲಿ ಬೇಡ, ಕತ್ತಲಾದ ಮೇಲೆ ಬೇಡ, ಸುತ್ತ ಇಟ್ಟ ಕಲ್ಲುಗಳನ್ನು ಅಲ್ಲೇ ಬಿಟ್ಟು ಹೋಗುವುದಂತೂ ಬೇಡವೇ ಬೇಡ.

ಕಬ್ಬಿನ ಟ್ರಾಲಿಯ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಬೇಕು. ಬೀದರ್, ಆಳಂದ, ಅಫಜಲಪುರ ಕಡೆ ಹಂಗಾಮು ಶುರುವಾದರೆ ರಾತ್ರಿಯಿಡೀ ಸಾಲುಗಟ್ಟಿ ಓಡಾಡುತ್ತವೆ. ಲೆಕ್ಕ ನೋಡಿ: 60ರಲ್ಲಿ ಹೋಗುವ ಗಾಡಿ, ಚಾಲಕ ಕಂಡು ಬ್ರೇಕ್ ಒತ್ತಿ ಪೂರ್ತಿ ನಿಲ್ಲಲು 80 ಮೀಟರ್ ಬೇಕು. ಬೈಕಿನ ತಗ್ಗು ಬೆಳಕು 40–50 ಮೀಟರಿನಾಚೆ ಏನನ್ನೂ ಸರಿಯಾಗಿ ತೋರಿಸುವುದಿಲ್ಲ. ದೀಪ ಇಲ್ಲದ ಟ್ರಾಲಿ ಕಣ್ಣಿಗೆ ಬೀಳುವ ಹೊತ್ತಿಗೆ ನಿಲ್ಲಿಸುವ ಜಾಗ ಮುಗಿದಿರುತ್ತದೆ. ಸವಾರ ಕುಡಿದಿದ್ದನೋ ಇಲ್ಲವೋ ಅನ್ನುವ ಚರ್ಚೆ ಆಮೇಲಿನದು.

ಇದಕ್ಕೆ ಮದ್ದು ಪ್ರತಿಫಲಿಸುವ ಟೇಪು, 50 ಮಿಲಿಮೀಟರ್ ಅಗಲದ್ದು. ಹಿಂದೆ ಕೆಂಪು, ಬದಿಗೆ ಹಳದಿ, ಮುಂದೆ ಬಿಳಿ. ಸಾಮಾನ್ಯ ಟ್ರಾಲಿಯ ಹಿಂಬದಿ ಆರಡಿ ಅಗಲ. ಕೆಳ ಅಂಚಿಗೆ ಆರಡಿ, ಎರಡು ಪಕ್ಕಕ್ಕೆ ಎರಡೆರಡಡಿ, ಒಟ್ಟು ಹತ್ತಡಿ ಕೆಂಪು. ಬದಿಗಳಿಗೆ ಹತ್ತತ್ತು ಅಡಿ ಹಳದಿ. ಎರಡು ಟ್ರಾಲಿಗೆ ಆರು ಮೀಟರ್ ಕೆಂಪು, ಹನ್ನೆರಡು ಮೀಟರ್ ಹಳದಿ ಸಾಕು. ಧೂಳು, ಡೀಸೆಲ್ ಇರುವ ಕಡೆ ನೇರವಾಗಿ ಅಂಟಿಸಿದರೆ ಬೇಗನೆ ಸುಲಿದು ಜೋತಾಡುತ್ತದೆ. ತಗಡಿನ ಪಟ್ಟಿಯನ್ನು ಥಿನ್ನರ್‌ನಿಂದ ಒರೆಸಿ ಅದಕ್ಕೆ ಟೇಪು ಅಂಟಿಸಿ, ಪಟ್ಟಿಯನ್ನು ಟ್ರಾಲಿಗೆ ರಿವಿಟ್ ಹೊಡೆಸಿ.

ಇಷ್ಟು ಮಾಡಿಯೂ ಕೆಲಸ ಕೆಡುವುದು ಒಂದು ಕಡೆ: ಕಬ್ಬು ಹೇರಿದ ಮೇಲೆ ಹಿಂದೆ ಮೂರ್ನಾಲ್ಕು ಅಡಿ ಹೊರಚಾಚಿ ಸೋಗೆ ಜೋತುಬಿದ್ದು ಟೇಪು ಮುಚ್ಚಿಹೋಗುತ್ತದೆ. ಅದಕ್ಕೆ ಒಂದೂವರೆ ಅಡಿ ಚದರದ ತಗಡಿಗೆ ಪೂರ್ತಿ ಕೆಂಪು ಟೇಪು ಬಡಿದು, ಮೇಲೆರಡು ತೂತು ಮಾಡಿ, ಹೇರಿಕೆಯ ಹಗ್ಗಕ್ಕೆ ಕಬ್ಬಿನ ತುದಿಯಲ್ಲಿ ನೇತು ಹಾಕಬೇಕು. ಕಾರ್ಖಾನೆಯ ಅಂಗಳದಲ್ಲಿ ಖಾಲಿ ಮಾಡುವಾಗ ಈ ತಗಡು ಕಳೆದುಹೋಗುವುದೇ ಹೆಚ್ಚು. ಉದ್ದದ ತೆಳು ಸರಪಳಿಯಿಂದ ಟ್ರಾಲಿಯ ಚೌಕಟ್ಟಿಗೆ ಕಟ್ಟಿದ್ದರೆ ಉಳಿಯುತ್ತದೆ. ಹಿಂದಿನ ಟ್ರಾಲಿಗೆ ದೀಪದ ವೈರು ಎಳೆದಿದ್ದರೂ ತಿರುವಿನಲ್ಲಿ ಕಿತ್ತು ಬರುತ್ತದೆ, ಅದನ್ನೇ ನಂಬಿ ಕೂರಬೇಡಿ. ಟ್ರಾಲಿ ಕೆಟ್ಟು ನಿಂತರೆ 50 ಮೀಟರ್ ಹಿಂದೆ, ಹೆದ್ದಾರಿಯಲ್ಲಾದರೆ ನೂರು ಮೀಟರ್ ಹಿಂದೆ, ತ್ರಿಕೋನದ ಫಲಕ ಇಡಬೇಕು. ನಮ್ಮಲ್ಲಿ ಟಯರಿನ ಬುಡದಲ್ಲೇ ನಾಲ್ಕು ಕಲ್ಲು, ಒಂದು ಬೇವಿನ ಟೊಂಗೆ. ಟ್ರಾಲಿ ಹೋದ ಮೇಲೂ ಕಲ್ಲು ಅಲ್ಲೇ.

ಕೊನೆಗೆ ದಾಖಲೆ. ಸರ್ಕಾರದ ಲೆಕ್ಕದಲ್ಲಿ ಹೆದ್ದಾರಿಯ ಕಪ್ಪುಚುಕ್ಕೆ ಸ್ಥಳ ಅಂದರೆ ಸುಮಾರು 500 ಮೀಟರ್ ಉದ್ದದಲ್ಲಿ 3 ವರ್ಷಕ್ಕೆ ಸಾವು ಅಥವಾ ತೀವ್ರ ಗಾಯದ 5 ಅಪಘಾತ, ಇಲ್ಲವೇ 10 ಸಾವು. ಲೆಕ್ಕಕ್ಕೆ ಬರುವುದು ಠಾಣೆಯಲ್ಲಿ ಬರೆಸಿದವು ಮಾತ್ರ. ಕಟ್ಟೆ ಮೇಲೆ ಕೂತು ರಾಜಿ ಮಾಡಿದರೆ ಇಷ್ಟು ಸಾವಿರ ರೂಪಾಯಿ ಕೈಗೆ ಬರಬಹುದು, ಆ ಕ್ರಾಸಿನ ಲೆಕ್ಕ ಮಾತ್ರ ಸೊನ್ನೆಯಲ್ಲೇ ಉಳಿಯುತ್ತದೆ. ವಿಮೆಯೂ ಹೋಯಿತು. ಗುದ್ದಿದ ಗಾಡಿ ಸಿಗದಿದ್ದರೂ ಸಾವಿಗೆ ₹2 ಲಕ್ಷ, ತೀವ್ರ ಗಾಯಕ್ಕೆ ₹50,000 ಪರಿಹಾರ ಇದೆ, ಅದಕ್ಕೂ ಪೊಲೀಸ್ ದಾಖಲೆ ಬೇಕು. ಗಾಯಾಳುವಿಗೆ ಮೊದಲ 7 ದಿನ ₹1.5 ಲಕ್ಷದವರೆಗೆ ನಗದುರಹಿತ ಚಿಕಿತ್ಸೆಯ ಯೋಜನೆ 2025ರ ಮೇ ತಿಂಗಳಲ್ಲಿ ಜಾರಿಗೆ ಬಂದಿದೆ. 108ಕ್ಕೆ ಕರೆ ಮಾಡಿದ ಮೇಲೆ 112ಕ್ಕೂ ಮಾಡಿ. ಆಸ್ಪತ್ರೆಗೆ ಸೇರಿಸಿದವರು ಹೆಸರು ಹೇಳಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ, 2019ರ ತಿದ್ದುಪಡಿಯಲ್ಲಿ ಬಂದ 134ಎ ಕಲಂ ಇದೆ.

ಅರ್ಜಿಯ ಮೂರು ಪ್ರತಿ ಮಾಡಿ: ರಸ್ತೆಯ ಎಂಜಿನಿಯರಿಗೆ ಒಂದು, ಠಾಣೆಗೆ ಒಂದು, ಜಿಲ್ಲಾಧಿಕಾರಿಗಳಿಗೆ ಒಂದು. ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಅಧ್ಯಕ್ಷರು ಅವರೇ. ಗ್ರಾಮಸಭೆಯ ಠರಾವು, ವೇಗದ ಎರಡು ಪುಟ, ನೋಟದ ಅಳತೆ, ಕಿಲೋಮೀಟರ್ ಕಲ್ಲಿನ ಸಂಖ್ಯೆ, ಹಗಲೊಂದು ರಾತ್ರಿಯೊಂದು ಫೋಟೋ ಲಗತ್ತಿಸಿ. ಆವಕ ಸಂಖ್ಯೆ ಬರೆದು ಸೀಲು ಒತ್ತಿದ ಸ್ವೀಕೃತಿ ಪ್ರತಿ ಕೈಗೆ ಬರುವ ತನಕ ಕಚೇರಿಯಿಂದ ಏಳಬೇಡಿ.