ಹೆಸರು ಹಾಕಬೇಡ ತಂಗಿ

ಕನ್ನಡದ ಮೊದಲ ಪತ್ರಿಕೆ ಹುಟ್ಟಿದ್ದು ಮಂಗಳೂರಿನಲ್ಲಿ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಅದು ಮರುವರ್ಷವೇ ಗಂಟುಮೂಟೆ ಕಟ್ಟಿಕೊಂಡು ಬಳ್ಳಾರಿಗೆ ಬಂದಿತ್ತೆಂಬುದು ಬಳ್ಳಾರಿಯ ಎಷ್ಟೋ ಜನರಿಗೇ ಗೊತ್ತಿಲ್ಲ. ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಎಂ.ಎ.ಗೆ ಸೇರುವ ತನಕ ನನಗೂ ಗೊತ್ತಿರಲಿಲ್ಲ. ಜರ್ಮನ್ ಪಾದ್ರಿ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಹೊರತಂದ ‘ಮಂಗಳೂರ ಸಮಾಚಾರ’ 1844ರಲ್ಲಿ ನಮ್ಮೂರಿನಲ್ಲಿ ‘ಕನ್ನಡ ಸಮಾಚಾರ’ವಾಗಿ ಅಚ್ಚಾಯಿತು. ಹೆಚ್ಚು ಕಾಲ ನಡೆಯಲಿಲ್ಲ, ಆ ಮಾತು ಬೇರೆ. ಜುಲೈ 1ರ ಪತ್ರಿಕಾ ದಿನಾಚರಣೆಗೆ ನಮ್ಮ ವಿಭಾಗದ ಪ್ರಾಯೋಗಿಕ ಪತ್ರಿಕೆ ತರಬೇಕಿತ್ತು. ಆ ಹಳೆಯ ಪತ್ರಿಕೆಯ ‘ಊರ ವರ್ತಮಾನ’ ಎಂಬ ಶೀರ್ಷಿಕೆಯನ್ನೇ ಎರಡನೇ ಪುಟಕ್ಕೆ ಇಟ್ಟುಕೊಂಡೆವು. ಆ ಪುಟ ನನ್ನ ಪಾಲಿಗೆ ಬಂತು.

ಗೆಳೆಯರು ಜಾಣರು. ಒಬ್ಬ ಕೋಟೆಯನ್ನು, ಇನ್ನೊಬ್ಬ ಸಂಗನಕಲ್ಲಿನ ನವಶಿಲಾಯುಗದ ಗುಡ್ಡವನ್ನು ಆರಿಸಿಕೊಂಡ. ಕಲ್ಲು ಸ್ಪಷ್ಟೀಕರಣ ಕೇಳುವುದಿಲ್ಲ. ನಾನು ಜೀನ್ಸ್ ಹಿಡಿದುಕೊಂಡು ಕೌಲ್ ಬಜಾರಿನ ಓಣಿಗಳಿಗೆ ಹೋದೆ. ಕಾರ್ಖಾನೆ ಎಂದರೆ ದೊಡ್ಡ ಗೇಟು, ಸೈರನ್ ಎಂದುಕೊಳ್ಳುವವರು ಬಳ್ಳಾರಿಯ ಜೀನ್ಸ್ ಕೆಲಸವನ್ನು ನೋಡಬೇಕು. ಕಟಿಂಗ್ ಒಂದು ಕಡೆ, ಹೊಲಿಗೆ ಇನ್ನೊಂದು ಕಡೆ, ಗುಂಡಿ ಹಾಕುವುದು ಮತ್ತೊಂದು ಕಡೆ. ಹೊಲಿದ ಮೇಲೆ ನೇತಾಡುವ ದಾರ ಕತ್ತರಿಸುವ ಕೆಲಸ ಎಷ್ಟೋ ಹೆಂಗಸರ ಮನೆಯ ಪಡಸಾಲೆಗೇ ಬರುತ್ತದೆ, ಮೂಟೆಯಲ್ಲಿ.

ಅಂಥದೊಂದು ಪಡಸಾಲೆಯಲ್ಲಿ ಒಬ್ಬ ಅಕ್ಕ ಸಿಕ್ಕರು. ಕಾಲು ಚಾಚಿ ಕುಳಿತು, ಪ್ಯಾಂಟನ್ನು ತೊಡೆಯ ಮೇಲೆ ಹರಡಿ, ಮೊದಲು ಸೊಂಟದ ಪಟ್ಟಿ, ಆಮೇಲೆ ಜಿಪ್ಪಿನ ಬುಡ, ಜೇಬಿನ ಮೂಲೆ, ಕೊನೆಗೆ ಕಾಲಿನ ಅಂಚು ಎಂದು ಕತ್ತರಿಯನ್ನು ಒಂದೇ ದಾರಿಯಲ್ಲಿ ನಡೆಸುತ್ತಿದ್ದರು. ಕಣ್ಣು ನನ್ನ ಕಡೆಗಿದ್ದರೂ ಕೈ ತಪ್ಪುತ್ತಿರಲಿಲ್ಲ. ಬೆರಳ ತುದಿಗಳು ನೀಲಿ. ತೊಳೆದರೆ ಹೋಗುವುದಿಲ್ಲವೇ ಎಂದು ಕೇಳಿದೆ. “ಹೋಗುತ್ತದೆ, ಕೆಲಸ ಬಿಟ್ಟರೆ” ಎಂದರು. ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಎಲ್ಲವನ್ನೂ ಹೇಳಿದರು: ಒಂದು ಪೀಸಿಗೆ ಎಷ್ಟು ಕೊಡುತ್ತಾರೆ, ಕತ್ತರಿ ತಪ್ಪಿ ಬಟ್ಟೆ ಹರಿದರೆ ಎಷ್ಟು ಹಿಡಿಯುತ್ತಾರೆ, ಲೆಕ್ಕ ಕೇಳಿದರೆ ಮುಂದಿನ ಮೂಟೆ ಯಾರ ಮನೆಗೆ ಹೋಗುತ್ತದೆ. ನಾನು ಏಳುವಾಗ, “ಬರಿ ತಂಗಿ, ಆದರೆ ನನ್ನ ಹೆಸರು ಹಾಕಬೇಡ, ರೇಟನ್ನೂ ಹಾಕಬೇಡ” ಎಂದರು. ಆ ರೇಟನ್ನು ಇಲ್ಲಿಯೂ ಬರೆಯುವುದಿಲ್ಲ.

ಮಾಲೀಕರನ್ನೂ ಕೇಳಬೇಕಲ್ಲ. ಅವರು ಚಹಾ ತರಿಸಿದರು, ವಿದ್ಯುತ್ ಕಡಿತದಿಂದ ಹಿಡಿದು ಬಟ್ಟೆಯ ಬೆಲೆಯವರೆಗೆ ತಮ್ಮ ಕಷ್ಟ ಹೇಳಿದರು. ಸುಳ್ಳೇನೂ ಅಲ್ಲ. ಹೊರಡುವಾಗ ನನ್ನ ನೋಟ್‌ಬುಕ್ಕಿನಲ್ಲಿ ತಮ್ಮ ಹೆಸರನ್ನು ಇನಿಷಿಯಲ್ ಸಮೇತ ತಾವೇ ಬರೆದುಕೊಟ್ಟು, ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಕಳಿಸಿದರು. ಹೂವಿನ ಹಾರ ಹಾಕಿಕೊಂಡ ಫೋಟೊ.

ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ ಎಂದು ಮೊದಲ ಸೆಮಿಸ್ಟರಿನಲ್ಲೇ ಬಾಯಿಪಾಠ ಮಾಡಿಸಿದ್ದರು. ‘ಯಾರು’ ಎಂಬುದೇ ತೊಡಕಾದಾಗ ಏನು ಮಾಡಬೇಕೆಂದು ಆ ಪಾಠದಲ್ಲಿ ಇರಲಿಲ್ಲ. ಹೆಸರಿಲ್ಲದ ಹೇಳಿಕೆಯನ್ನು ಓದುಗರು ಏಕೆ ನಂಬಬೇಕು ಎಂದು ತರಗತಿಯಲ್ಲಿ ಗಲಾಟೆಯೇ ನಡೆಯಿತು. ಮೇಡಂ ಅದಕ್ಕೆ ಕೈ ಹಾಕಲಿಲ್ಲ. “ಆ ಅಕ್ಕ ಯಾರೆಂದು ನಿನಗೆ ಗೊತ್ತು, ನನಗೂ ಹೇಳು. ಇನ್ನೂ ಕೆಲವು ಮನೆಗಳಲ್ಲಿ ಕೇಳಿ ಬಾ. ಎಲ್ಲರೂ ಅದನ್ನೇ ಹೇಳಿದರೆ ಹೆಸರಿಲ್ಲದೆ ಹಾಕೋಣ” ಎಂದರು. ಮತ್ತೆ ಹೋದೆ. ಬಹುತೇಕ ಎಲ್ಲರೂ ಅದನ್ನೇ ಹೇಳಿದರು. ಹೆಸರು ಹಾಕಬೇಡ ಎಂಬ ಮಾತನ್ನೂ ಸೇರಿಸಿ.

ಕರಡಿನ ಮೇಲೆ ಮೇಡಂ ಕೆಂಪು ಪೆನ್ನು ಹಿಡಿದು ಕುಳಿತರು. ನಾನು ಬಹಳ ಪ್ರೀತಿಯಿಂದ ಬರೆದ ಸಾಲು, ‘ಮಸೀದಿಯ ಹಿಂದಿನ ಓಣಿಯಲ್ಲಿ ಬೇವಿನ ಮರದ ಎದುರಿನ ಮನೆ’, ಅದನ್ನು ಮೊದಲೇ ಹೊಡೆದುಹಾಕಿದರು. “ಹೆಸರು ಬಿಟ್ಟು ವಿಳಾಸ ಕೊಟ್ಟೆಯಲ್ಲ!” ಬೆರಳ ನೀಲಿ ಉಳಿಯಿತು, ಆ ಓಣಿಯಲ್ಲಿ ಅದು ಎಲ್ಲರ ಬೆರಳಿಗೂ ಇದೆ. ಪದವಿ ಓದಿದ ಅಷ್ಟೂ ಕಾಲದಲ್ಲಿ ನನಗೆ ದಕ್ಕಿದ ದೊಡ್ಡ ಪಾಠ ಆ ಒಂದು ಗೀರು ಎಂದರೆ ಉಳಿದ ಮೇಷ್ಟ್ರುಗಳು ಬೇಸರಪಡಬಾರದು. ಸಂವಹನ ಸಿದ್ಧಾಂತಗಳ ನಕ್ಷೆಗಳನ್ನು ಪರೀಕ್ಷೆಗೆಂದು ಬಿಡಿಸಿದ್ದೆ, ಮರೆತೆ.

ಪುಟ ಕಟ್ಟುವ ರಾತ್ರಿ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು ಯೂನಿಕೋಡಿಗೆ ಬರುವಾಗ ಒತ್ತಕ್ಷರಗಳು ದಿಕ್ಕಾಪಾಲಾದವು. ಅದನ್ನು ತಿದ್ದುವಷ್ಟರಲ್ಲಿ ಜಾಗವೂ ಮುಗಿದಿತ್ತು. ಮಾಲೀಕರ ಹೇಳಿಕೆ ಮೂರು ಸಾಲಿಗೆ ಇಳಿಯಿತು, ಹಾರದ ಫೋಟೊ ಹಾರಿಹೋಯಿತು.

ಸಂಚಿಕೆ ಹೊರಬಂದ ಮೇಲೆ ಮೊದಲ ಫೋನ್ ಅವರದೇ. ದಾರ ಕತ್ತರಿಸುವವರ ಬಗ್ಗೆ ಬರೆದದ್ದಕ್ಕೆ ಬೈಯುತ್ತಾರೆಂದು ಹೆದರುತ್ತಲೇ ಎತ್ತಿದೆ.

“ಏನಮ್ಮಾ, ಫೋಟೊ ಎಲ್ಲಿ?”

“ಜಾಗ ಸಾಲಲಿಲ್ಲ ಅಣ್ಣಾ.”

“ಮುಂದಿನ ಸಲವಾದರೂ ಹಾಕು. ಕಲರ್‌ನಲ್ಲಿ ಬರುತ್ತದಲ್ಲ?”